ಬಣ್ಣ ಸೋರುವ ಗೆರೆಗಳು

ಫೆಬ್ರವರಿ ೩

ಮಸಿಗುಬ್ಬಿಗೆ,

ನೀನು ಕಳಿಸಿದ ಮೂರು ಪುಟ ತಲುಪಿದವು. ನೋಡಿದೆ. ನೋಡಬಾರದಿತ್ತು.

ಏಳು ವರ್ಷ ಈ ಅತ್ತೆ ಇದ್ದಾಳೋ ಸತ್ತಳೋ ಎಂದು ಕೇಳದವಳು ಈಗ ನಾಲ್ಕು ಪುಟದ ಕಾಗದ ಬರೆದಿದ್ದೀಯ. ನಿನ್ನ ಅಪ್ಪ ಹೋಗುವ ಮೊದಲು ಬರೆದಿಟ್ಟ ಇಪ್ಪತ್ನಾಲ್ಕು ಚಿತ್ರಗಳಿವೆಯಂತೆ. ಕೊಡೆ ರಿಪೇರಿ ಮಾಡುವ ಮುದುಕಿಯೊಬ್ಬಳ ಕಥೆಯಂತೆ. ಬರೀ ಕಪ್ಪು ಗೆರೆಯಂತೆ. ಅವಕ್ಕೆ ನೀನು ಕಂಪ್ಯೂಟರಿನಲ್ಲಿ ಬಣ್ಣ ತುಂಬುತ್ತೀಯಂತೆ. ಜೂನ್ ಮುಗಿಯುವುದರೊಳಗೆ ಆಗದಿದ್ದರೆ ಪ್ರಕಾಶಕರು ತಮ್ಮ ಸ್ಟುಡಿಯೋದವರಿಂದ ಬಳಿಸಿ ಅಚ್ಚಿಗೆ ಕೊಡುತ್ತಾರಂತೆ. "ಬಣ್ಣದ ವಿಷಯದಲ್ಲಿ ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ ಅತ್ತೆ" ಎಂದು ಬೆಣ್ಣೆ ಹಚ್ಚಿದ್ದೀಯ. ಆ ಬೆಣ್ಣೆಯನ್ನೂ ನಿನ್ನ ಬಣ್ಣದ ಹಾಗೇ ಗೋಡೆಗೆ ಬಳಿದಂತೆ ಬಳಿದಿದ್ದೀಯ.

ನಾನು ಫೋನ್ ಎತ್ತುವುದಿಲ್ಲ ಎಂದು ದೂರಿದ್ದೀಯ. ಎತ್ತುವುದಿಲ್ಲ, ನಿಜ. ಫೋನಿನಲ್ಲಿ ಬೈದದ್ದನ್ನು ಜನ ಮರೆತುಬಿಡುತ್ತಾರೆ. ಕಾಗದದಲ್ಲಿ ಬೈದದ್ದನ್ನು ಬೇಕೆಂದಾಗ ತೆಗೆದು ಓದಿಕೊಳ್ಳಬಹುದು. ಇದನ್ನು ಜೋಪಾನವಾಗಿ ಇಟ್ಟುಕೋ.

ಮೊದಲನೆಯ ಪುಟ. ಮುದುಕಿಯ ಮುಖದ ಸುತ್ತ ಕಪ್ಪು ನೆರಳು, ನಡುವೆ ಬಿಳಿ ಹೊಳಪು. ಬೆಳಕು ಎಲ್ಲಿಂದ ಬರುತ್ತಿದೆ ಕಣೇ? ಅವಳ ಬಾಯೊಳಗಿನಿಂದಲೇ? ಕಿಟಕಿ ಎಡಗಡೆ ಇದೆ, ನಿನ್ನ ಅಪ್ಪ ಅಷ್ಟು ದೊಡ್ಡದಾಗಿ ಬರೆದಿದ್ದಾನೆ. ಕಿಟಕಿಯನ್ನೇನು ಅಲಂಕಾರಕ್ಕೆ ಇಟ್ಟಿದ್ದು ಅಂದುಕೊಂಡೆಯಾ? ಎರಡನೆಯದರಲ್ಲಿ ಹಳದಿ ಕೊಡೆಯ ನೆರಳಿಗೆ ಕಪ್ಪು ಬೆರೆಸಿದ್ದೀಯ. ಹಳದಿಗೆ ಕಪ್ಪು ಬೆರೆಸಿದರೆ ಪಾಚಿ ಬಣ್ಣವಾಗುತ್ತದೆ, ಬಣ್ಣದ ಡಬ್ಬಿ ಮುಟ್ಟಿದ ಎಂಟು ವರ್ಷದ ಮಗುವಿಗೂ ಇದು ಗೊತ್ತು. ಮೂರನೆಯದರಲ್ಲಿ ಎಲ್ಲವೂ ಮಿರಮಿರ ಮಿಂಚುತ್ತಿದೆ. ಕೊಡೆ ಮಿಂಚುತ್ತಿದೆ, ಸ್ಟೂಲು ಮಿಂಚುತ್ತಿದೆ, ಮುದುಕಿಯ ಹರಿದ ಚಪ್ಪಲಿಯೂ ಮಿಂಚುತ್ತಿದೆ. ಇದನ್ನು ಯಾರು ಹೇಳಿಕೊಟ್ಟರು ನಿನಗೆ?

ಗೆರೆಯ ಬಗ್ಗೆ ನಾನೇನೂ ಹೇಳುವುದಿಲ್ಲ. ಕಂಪ್ಯೂಟರಿನವರ ಜೊತೆ ಸೇರಿದ ಮೇಲೆ ನಿನ್ನ ಅಪ್ಪನ ಗೆರೆ ಹೀಗೇ ಆಗಿತ್ತು. ಸುತ್ತಲೂ ತಂತಿ ಬೇಲಿ ಹಾಕಿದ ಹಾಗೆ. ಬೇಲಿಯೊಳಗೆ ಬಣ್ಣ ಸುರಿಯುವ ಕೆಲಸಕ್ಕೆ ನನ್ನನ್ನು ಕೇಳಬೇಡ.

ಇಂತಿ,
ನಿನ್ನ ಅಪ್ಪನ ಅಕ್ಕ

---

ಫೆಬ್ರವರಿ ೧೬

ಅತ್ತೆಗೆ,

ಬೈಗುಳ ತಲುಪಿತು. ಜೋಪಾನವಾಗಿ ಇಟ್ಟಿದ್ದೇನೆ. ಹೆಚ್ಚಿಗೆ ಬಂದರೆ ಇಡಲು ಒಂದು ಡಬ್ಬಿಯನ್ನೂ ಖಾಲಿ ಮಾಡಿದ್ದೇನೆ.

ಹಗಲೆಲ್ಲ ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕೂತು ನೋವಿನಲ್ಲಿರುವವರ ಹೆಸರು ಬರೆದುಕೊಳ್ಳುತ್ತೇನೆ. ಸಂಜೆ ಆರಕ್ಕೆ ಬಣ್ಣದ ಕ್ಲಾಸು, ಕಂಪ್ಯೂಟರಿನಲ್ಲೇ. ಅಲ್ಲಿ ನಾವು ಹದಿನೆಂಟು ಜನ, ಎಲ್ಲರೂ ಹೊಸಬರು. ಎಲ್ಲಕ್ಕೂ ಹೊಳಪು ಕೊಡಿಸುವ ಮೇಷ್ಟ್ರಿಗೆ ನಾವು ಹೊಳಪು ಮೇಷ್ಟ್ರು ಎಂದೇ ಹೆಸರಿಟ್ಟಿದ್ದೇವೆ. ಆದರೆ ಅವರು ಹೇಳಿಕೊಟ್ಟದ್ದೆಲ್ಲ ಕಸವಲ್ಲ. ಗೆರೆಯ ಪದರ ಮೇಲಿರಬೇಕು, ಬಣ್ಣದ ಪದರ ಅದರ ಕೆಳಗಿರಬೇಕು, ಗೆರೆಯ ಪದರಕ್ಕೆ ಬೀಗ ಹಾಕಿಟ್ಟರೆ ಎಷ್ಟು ಬಣ್ಣ ಸುರಿದರೂ ಗೆರೆ ಕೆಡುವುದಿಲ್ಲ. ಮೊದಲು ಬಕೆಟ್ ಎಂಬ ಗುಂಡಿಯಿಂದ ಗೆರೆಯೊಳಗೆಲ್ಲ ಮಟ್ಟಸವಾಗಿ ಬಣ್ಣ ತುಂಬಬೇಕು, ಆಮೇಲೆ ಇನ್ನೊಂದು ಪದರದಲ್ಲಿ ನೆರಳು. ತಪ್ಪಿದರೆ ಒಂದು ಗುಂಡಿ ಒತ್ತಿದರಾಯಿತು, ತಪ್ಪು ಮಾಡಿಯೇ ಇಲ್ಲ ಎಂಬಂತೆ ಮಾಯ. ಶುರುವಿನಲ್ಲಿ ಬಕೆಟ್ ಒತ್ತಿದರೆ ಬಣ್ಣ ಎಲ್ಲೆಲ್ಲೋ ಹರಿದು ಹೋಗುತ್ತಿತ್ತು. ಅದನ್ನೂ ನಾನೇ ಸರಿಪಡಿಸಿಕೊಂಡೆ.

ಕಿಟಕಿಯ ವಿಷಯ ನೀವು ಹೇಳಿದ್ದು ನಿಜ. ನಾನು ನೋಡಿಯೇ ಇರಲಿಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ನಾನು ಏಳು ವರ್ಷ ಕೇಳಲಿಲ್ಲ ಎಂದಿರಿ. ಅಪ್ಪ ಹೋದ ದಿನ ಮನೆ ತುಂಬ ಜನ. ಗಲ್ಲಿ ಕೊನೆಯ ಇಸ್ತ್ರಿಯವರೂ ಅಂಗಡಿ ಮುಚ್ಚಿ ಬಂದಿದ್ದರು. ಮೂವತ್ತೊಂದು ಪುಸ್ತಕಕ್ಕೆ ಅಪ್ಪನ ಜೊತೆ ಕೂತು ಬಣ್ಣ ಹಾಕಿದ ನೀವು ಬರಲಿಲ್ಲ. ಬಾಗಿಲು ಸದ್ದಾದಾಗಲೆಲ್ಲ ನಾನು ತಿರುಗಿ ನೋಡಿದೆ. ಹಳದಿಗೆ ಕಪ್ಪು ಬೆರೆಸಿದ ನನ್ನ ತಪ್ಪಿಗಿಂತ ಅದು ದೊಡ್ಡದು ಎಂದು ನನಗೆ ಅನ್ನಿಸುತ್ತದೆ.

ಇಂತಿ,
ನಿಮ್ಮ ತಮ್ಮನ ಮಗಳು

---

ಮಾರ್ಚ್ ೮

ಮಸಿಗುಬ್ಬಿಗೆ,

ಬೀಗ ಹಾಕಿದ ಗೆರೆ! ತಪ್ಪು ಮಾಯ ಮಾಡುವ ಗುಂಡಿ! ಅದಕ್ಕೇ ನಿಮ್ಮ ಕೆಲಸಕ್ಕೆ ಮೈಯಲ್ಲಿ ರಕ್ತವಿಲ್ಲ. ತಪ್ಪಿದರೆ ಇಡೀ ಪುಟ ಹೋಯಿತು ಎಂಬ ಭಯದಲ್ಲಿ ನಲವತ್ತು ವರ್ಷ ಉಸಿರು ಹಿಡಿದು ಕುಂಚ ಎಳೆದಿದ್ದೇನೆ. ನಿನ್ನ ಹದಿನೆಂಟು ಜನ ಗುಂಡಿ ಒತ್ತುತ್ತ ಆಕಳಿಸುತ್ತಾರೆ. ಹೊಳಪು ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸು, ದೂರದಿಂದ.

ಆದರೂ ಕೇಳಿದ್ದೀಯ, ಹೇಳುತ್ತೇನೆ. ನಿನಗೋಸ್ಕರವಲ್ಲ. ಆ ಪಾಚಿ ಬಣ್ಣದ ಕೊಡೆ ಅಚ್ಚಾಗಿ ಮಕ್ಕಳ ಕೈಗೆ ಹೋಗುವುದನ್ನು ನಾನು ನೋಡಲಾರೆ, ಅದಕ್ಕೆ.

ಕಪ್ಪನ್ನು ಡಬ್ಬಿಯಿಂದ ತೆಗೆದು ಎಸೆ. ಹಳದಿಯ ನೆರಳು ಕಂದುಗೆಂಪಿನ ಕಡೆಗೆ ಹೋಗಬೇಕು, ಕೆಂಪಿನದು ನೇರಳೆಯ ಕಡೆಗೆ. ನಾನು ಎಲ್ಲ ಒಣಗಿದ ಮೇಲೆ ತೆಳು ನೇರಳೆ ನೀರನ್ನು ನೆರಳಿರುವ ಕಡೆಗೆಲ್ಲ ಒಂದೇ ಸಲ ಎಳೆಯುತ್ತಿದ್ದೆ, ಇಡೀ ಪುಟ ಒಂದೇ ಗಾಳಿ ಕುಡಿದ ಹಾಗೆ ಆಗುತ್ತಿತ್ತು. ನಿನ್ನ ಯಂತ್ರದಲ್ಲಿ ಅದಕ್ಕೂ ಒಂದು ಪದರ, ಒಂದು ದೊಡ್ಡ ಹೆಸರು ಇದ್ದೇ ಇರುತ್ತದೆ, ಹುಡುಕಿಕೋ. ಒಂದು ಪುಟಕ್ಕೆ ಮೂರು ಬಣ್ಣ ಮಾತಾಡಬೇಕು, ಉಳಿದವು ಪಿಸುಗುಡಬೇಕು. ನಿನ್ನ ಪುಟದಲ್ಲಿ ಹದಿನಾರು ಬಣ್ಣ ಒಟ್ಟಿಗೆ ಕಿರುಚುತ್ತಿವೆ. ಮುಗಿಸಿದ ಮೇಲೆ ಕಣ್ಣು ಕಿರಿದು ಮಾಡಿ ನೋಡು. ಮುದುಕಿ ಎಲ್ಲಿ, ಗೋಡೆ ಎಲ್ಲಿ ಎಂದು ಗೊತ್ತಾಗಬೇಕು. ಚಿತ್ರವನ್ನು ಕಪ್ಪು ಬಿಳುಪು ಮಾಡಿ ಪರೀಕ್ಷಿಸುವುದಕ್ಕೂ ಗುಂಡಿಯಿದೆ ಎಂದು ಬರೆಯಬೇಡ, ನನಗೆ ನಗು ಬರುತ್ತದೆ. ರೆಪ್ಪೆ ಕೊಟ್ಟಿರುವುದು ಮತ್ತೇಕೆ?

ಇನ್ನು ನಿನ್ನ ದೊಡ್ಡ ಪ್ರಶ್ನೆ. ನಾನು ಬರಲಿಲ್ಲ. ಯಾಕೆಂದು ಕೇಳುವ ಹಕ್ಕು ನಿನಗಿದೆ.

ಏಳು ವರ್ಷದ ಹಿಂದೆ ನಿನ್ನ ಅಪ್ಪ ನನ್ನ ಕೋಣೆಗೆ ಬಂದ. ಗಡಿಯಾರದವರ ಅಂಗಡಿಯ ಮೇಲಿನ ಇದೇ ಕೋಣೆ, ಇದೇ ಮೆಟ್ಟಿಲು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತ. ನಾನು ಹೊಸ ಪುಸ್ತಕಕ್ಕೆ ಬಟ್ಟಲು ತೊಳೆದಿಟ್ಟು ಕಾಯುತ್ತಿದ್ದೆ. "ಅಕ್ಕ, ಇನ್ಮೇಲೆ ನಿನಗೆ ತೊಂದ್ರೆ ಕೊಡಲ್ಲ. ಕಂಪ್ಯೂಟರ್‌ನಲ್ಲೇ ಬಣ್ಣ ಹಾಕಿಸ್ತಾರಂತೆ. ನೀನೂ ಕಣ್ಣು ನೋಯಿಸ್ಕೊಳ್ಳೋದು ಬೇಡ" ಅಂದ. ತೊಂದರೆ! ನಲವತ್ತು ವರ್ಷ ನಾನು ತೊಂದರೆ ತೆಗೆದುಕೊಳ್ಳುತ್ತಿದ್ದೆನಂತೆ. "ಸರಿ, ಹೋಗು" ಅಂದೆ. ಚಿಲಕ ಹಾಕಿದೆ.

ನನ್ನನ್ನು ಬೇಡ ಎಂದವನ ಮನೆಗೆ ಅವನು ಸತ್ತ ದಿನ ಹೋಗಿ ಅಳುವುದು ನಾಟಕವಾಗುತ್ತಿತ್ತು. ನನಗೆ ನಾಟಕ ಬರುವುದಿಲ್ಲ.

ಇಂತಿ,
ನಿನ್ನ ಅಪ್ಪನ ಅಕ್ಕ

---

ಮಾರ್ಚ್ ೨೭

ಅತ್ತೆಗೆ,

ಕಪ್ಪು ಬಿಟ್ಟೆ. ಮೂರು ಬಣ್ಣಕ್ಕೆ ಇಳಿದೆ. ಒಂದರಿಂದ ಹನ್ನೊಂದರವರೆಗೆ ಎಲ್ಲವನ್ನೂ ಮತ್ತೆ ಮಾಡಿ ಇದರ ಜೊತೆ ಕಳಿಸಿದ್ದೇನೆ. ಹೊಳಪು ಮೇಷ್ಟ್ರು ನೋಡಿ "ಸ್ವಲ್ಪ ಮಂಕಾಯ್ತಲ್ಲ" ಅಂದರು. ನನಗೆ ಮಂಕೆನ್ನಿಸಲಿಲ್ಲ. ಮೊದಲ ಸಲ ಮುದುಕಿ ಒಂದು ಕೋಣೆಯೊಳಗೆ ಕೂತಿದ್ದಾಳೆ ಎನ್ನಿಸಿತು. ಇಷ್ಟು ಒಪ್ಪಿಕೊಳ್ಳುವುದೇ ನನಗೆ ಕಷ್ಟ, ಇದಕ್ಕಿಂತ ಹೆಚ್ಚು ಕೇಳಬೇಡಿ.

ಆದರೆ ಅಪ್ಪನ ಗೆರೆಯನ್ನು ಬೇಲಿ ಎಂದಿರಲ್ಲ, ಅದೊಂದನ್ನು ಮಾತ್ರ ನಾನು ಒಪ್ಪುವುದಿಲ್ಲ. ಬೇಲಿಯಾಗಿದ್ದರೆ ನನಗೆ ಮೂರು ವಾರ ಉಳಿಯುತ್ತಿತ್ತು. ಈ ಚಿತ್ರಗಳ ಗೆರೆಗಳು ತೂತುತೂತು. ಭುಜ ಅರ್ಧಕ್ಕೆ ನಿಂತುಹೋಗಿದೆ, ಕೆನ್ನೆಯ ಒಂದು ಪಕ್ಕ ಗೆರೆಯೇ ಇಲ್ಲ, ಕೊಡೆಯ ಅಂಚು ಅಲ್ಲಲ್ಲಿ ಮಾಯ. ಬಕೆಟ್ ಒತ್ತಿದರೆ ಸೀರೆಯ ಬಣ್ಣ ಸೋರಿ ಬೀದಿ ತುಂಬುತ್ತದೆ. ಕೊನೆಕೊನೆಗೆ ಅಪ್ಪನಿಗೆ ಕೈ ನಡುಗುತ್ತಿತ್ತೇನೋ, ಗೆರೆ ಮುಗಿಸುವ ತಾಳ್ಮೆಯೂ ಇರಲಿಲ್ಲವೇನೋ. "ತೂತು ಮುಚ್ಚದೆ ಬಕೆಟ್ ಮುಟ್ಟಬೇಡಿ" ಎಂಬುದು ಕ್ಲಾಸಿನ ಎರಡನೆಯ ಪಾಠ. ಕಂಪ್ಯೂಟರಿನಲ್ಲಿ ಮುಚ್ಚಲು ನನಗಿನ್ನೂ ಕೈ ಕೂತಿರಲಿಲ್ಲ. ಹಾಗಾಗಿ ಅಪ್ಪನದೇ ಪೆನ್ನು ತೆಗೆದು, ಅವನದೇ ಮಸಿ ತುಂಬಿ, ಮೂಲ ಕಾಗದದ ಮೇಲೆಯೇ ಹನ್ನೊಂದು ಪುಟದ ಗೆರೆಗಳನ್ನೆಲ್ಲ ಮುಚ್ಚಿದೆ. ಆಮೇಲೆ ಸ್ಕ್ಯಾನ್ ಮಾಡಿದೆ. ಎಲ್ಲಿ ಮುಚ್ಚಿದ್ದೇನೆ ಎಂದು ನಿಮಗೂ ಗೊತ್ತಾಗಲಿಲ್ಲ, ನೋಡಿ. ಉಳಿದ ಹದಿಮೂರನ್ನು ಈ ಭಾನುವಾರ ಮುಚ್ಚುತ್ತೇನೆ.

ಇಂತಿ,
ನಿಮ್ಮ ತಮ್ಮನ ಮಗಳು

---

ಮಾರ್ಚ್ ೩೦

ಪೆನ್ನು ಕೆಳಗಿಡು.

ಈ ಭಾನುವಾರ ಬೇಡ, ಯಾವ ಭಾನುವಾರವೂ ಬೇಡ. ಇನ್ನೊಂದು ಗೆರೆ ಮುಟ್ಟಿದೆಯೋ, ನನಗೆ ನೀನು ತಮ್ಮನ ಮಗಳಲ್ಲ. ಈ ಕಾಗದವನ್ನು ಗಡಿಯಾರದವರ ಕೈಯಲ್ಲೇ ಕಳಿಸುತ್ತಿದ್ದೇನೆ, ಅಂಚೆಯನ್ನು ನಂಬಿ ಕೂರಲಾರೆ.

ಎರಡು ಕೆಲಸ ಮಾಡು. ಇಪ್ಪತ್ನಾಲ್ಕೂ ಮೂಲ ಕಾಗದ ತೆಗೆದು ಬೆಳಕಿಗೆ ಹಿಡಿ. ಬಲಗಡೆ ಕೆಳಮೂಲೆಯಲ್ಲಿ ಪೆನ್ಸಿಲ್ ಚುಕ್ಕೆ ಇದೆಯೇ ನೋಡು, ಸಾಸಿವೆಗಿಂತ ಚಿಕ್ಕದು. ಆಮೇಲೆ ಕಂಪ್ಯೂಟರಿನವರು ಬಣ್ಣ ಬಳಿದ ಏಳು ವರ್ಷದ ಪುಸ್ತಕಗಳ ಮೂಲ ಚಿತ್ರಗಳಲ್ಲೂ ನೋಡು. ಅವು ನಿಮ್ಮ ಮನೆಯ ಕಬ್ಬಿಣದ ಕಪಾಟಿನಲ್ಲಿ ಇರಬೇಕು.

ಉತ್ತರ ಬೇಗ ಬರೆ.

ಅತ್ತೆ

---

ಏಪ್ರಿಲ್ ೫

ಅತ್ತೆಗೆ,

ಗಡಿಯಾರದವರು ಬಾಗಿಲಲ್ಲಿ ನಿಂತು "ಓದೋ ತನಕ ಇಲ್ಲೇ ಇರು ಅಂದಿದ್ದಾರೆ" ಎಂದರು. ಅವರ ಎದುರಿಗೇ ಪೆನ್ನಿಗೆ ಮುಚ್ಚಳ ಹಾಕಿದೆ.

ನೋಡಿದೆ. ಕೊಡೆ ಮುದುಕಿಯ ಇಪ್ಪತ್ನಾಲ್ಕು ಕಾಗದದಲ್ಲೂ ಚುಕ್ಕೆ ಇದೆ. ನಾನು ಅದನ್ನು ಕೊಳೆ ಎಂದುಕೊಂಡಿದ್ದೆ. ಸ್ಕ್ಯಾನ್ ಮಾಡಿದ ತಕ್ಷಣ ಕಾಗದದ ಧೂಳು, ಕಲೆ ಎಲ್ಲ ಒರೆಸುವುದು ಕ್ಲಾಸಿನ ಮೊದಲನೆಯ ಪಾಠ. ಇಪ್ಪತ್ನಾಲ್ಕನ್ನೂ ಕಂಪ್ಯೂಟರಿನಲ್ಲಿ ಒರೆಸಿಬಿಟ್ಟಿದ್ದೇನೆ. ಕಾಗದದ ಮೇಲೆ ಹಾಗೇ ಇವೆ.

ಕಪಾಟಿನಲ್ಲಿ ಒಂಬತ್ತು ಪುಸ್ತಕದ ಚಿತ್ರಗಳಿದ್ದವು. ಒಂದರಲ್ಲೂ ಚುಕ್ಕೆಯಿಲ್ಲ. ಇನ್ನೊಂದು ವಿಚಿತ್ರ, ನೀವು ಕೇಳಿರಲಿಲ್ಲ, ನನಗೇ ಅನುಮಾನ ಬಂದು ನೋಡಿದೆ. ಆ ಒಂಬತ್ತರಲ್ಲಿ ಹತ್ತು ಪುಟ ಆರಿಸಿ ಬಕೆಟ್ ಒತ್ತಿದೆ. ಒಂದು ಹನಿಯೂ ಸೋರಲಿಲ್ಲ. ಎಲ್ಲ ಗೆರೆಗಳೂ ಮುಚ್ಚಿವೆ. ಕೊನೆಯ ಪುಸ್ತಕ ಬರೆದದ್ದು ಈ ಮುದುಕಿಯ ಚಿತ್ರಗಳಿಗಿಂತ ಎರಡೇ ತಿಂಗಳು ಮೊದಲು. ಹಾಗಾದರೆ ಅಪ್ಪನಿಗೆ ಕೈ ನಡುಗುತ್ತಿರಲಿಲ್ಲ.

ಏನಿದು ಅತ್ತೆ? ನಾನು ಏನು ಮಾಡಿದ್ದೇನೆ? ನನಗೆ ಭಯವಾಗುತ್ತಿದೆ.

ಇಂತಿ,
ಮಸಿಗುಬ್ಬಿ

---

ಮೇ ೧೧

ಮಸಿಗುಬ್ಬಿಗೆ,

ಐದು ವಾರ ನಾನು ಯಾಕೆ ಬರೆಯಲಿಲ್ಲ ಎಂದು ಕೇಳಿ ಎರಡು ಕಾರ್ಡು ಹಾಕಿದ್ದೀಯ. ಬರೆಯಲು ಆಗಲಿಲ್ಲ. ಕೂತೆ, ಎದ್ದೆ. ಬಟ್ಟಲು ತೊಳೆದೆ, ಒರೆಸಿ ಮತ್ತೆ ತೊಳೆದೆ. ಅಷ್ಟೇ ನಡೆದದ್ದು.

ಈಗ ಕೇಳು. ನನಗೆ ಹನ್ನೆರಡು, ನಿನ್ನ ಅಪ್ಪನಿಗೆ ಒಂಬತ್ತು. ಅವನು ಬರೆಯುತ್ತಿದ್ದ, ನಾನು ಬಣ್ಣ ತುಂಬುತ್ತಿದ್ದೆ. ಒಂದು ದಿನ ಕುದುರೆ ಬರೆದು ತಂದ, ಸುತ್ತಲೂ ದಪ್ಪ ಗೆರೆ. ನನಗೆ ಸಿಟ್ಟು ಬಂತು. "ಎಲ್ಲಾ ನೀನೇ ಮುಚ್ಚಿಬಿಟ್ರೆ ನನಗೇನೋ ಕೆಲಸ? ನನಗೂ ಒಂದು ಬಾಗಿಲು ಬಿಡು" ಎಂದು ಕಾಗದವನ್ನು ಅವನ ಮುಖಕ್ಕೆ ಎಸೆದೆ. ಆವತ್ತಿನಿಂದ ಅವನು ಗೆರೆಯಲ್ಲಿ ಬಾಗಿಲು ಬಿಡಲು ಶುರು ಮಾಡಿದ. ಬೆಳಕು ಬೀಳುವ ಕಡೆ, ಗಾಳಿ ಆಡುವ ಕಡೆ, ಮುಖದಲ್ಲಿ ಮನಸ್ಸು ಕಾಣಬೇಕಾದ ಕಡೆ ಗೆರೆಯನ್ನು ಎತ್ತಿಬಿಡುತ್ತಿದ್ದ. ಅಲ್ಲಿ ಅಂಚನ್ನು ನಾನು ಬಣ್ಣದಿಂದಲೇ ಕಟ್ಟಬೇಕು. ಎಲ್ಲಿ ನಿಲ್ಲಬೇಕು ಎಂಬುದು ನನಗೆ ಬಿಟ್ಟದ್ದು. ಮೂವತ್ತೊಂದು ಪುಸ್ತಕ ಹೀಗೇ ಆದವು. ಮಾತಾಡಿಕೊಂಡು ಮಾಡಿದ್ದಲ್ಲ. ಅವನು ತನ್ನ ಕೆಲಸ ಮುಗಿದಾಗ ಬಲಮೂಲೆಯಲ್ಲಿ ಒಂದು ಚುಕ್ಕೆ ಇಡುತ್ತಿದ್ದ, ಇನ್ನು ನಿನ್ನದು ಅಕ್ಕ ಎಂದು. ನನ್ನದು ಮುಗಿದಾಗ ನಾನು ಎಡಮೂಲೆಯಲ್ಲಿ ಇಡುತ್ತಿದ್ದೆ. ಅಚ್ಚಿನವರು ಅಂಚು ಕತ್ತರಿಸುವಾಗ ಎರಡೂ ಹೋಗುತ್ತಿದ್ದವು. ನಮ್ಮಿಬ್ಬರನ್ನು ಬಿಟ್ಟರೆ ಅವು ಇದ್ದವೆಂದೇ ಯಾರಿಗೂ ಗೊತ್ತಿರಲಿಲ್ಲ.

ಕಂಪ್ಯೂಟರಿನವರಿಗೆ ಮುಚ್ಚಿದ ಗೆರೆ ಬೇಕಿತ್ತು, ಕೊಟ್ಟ. ಚುಕ್ಕೆ ಇಡಲಿಲ್ಲ. ಯಾರಿಗೆಂದು ಇಡುತ್ತಾನೆ? ಆಮೇಲೆ ಈ ಮುದುಕಿಯನ್ನು ಬರೆದ. ಎಲ್ಲ ಬಾಗಿಲು ತೆಗೆದಿಟ್ಟು ಬರೆದ. ಇಪ್ಪತ್ನಾಲ್ಕು ಪುಟಕ್ಕೂ ಚುಕ್ಕೆ ಇಟ್ಟ.

ಇದಕ್ಕಿಂತ ಕೆಟ್ಟದ್ದೊಂದಿದೆ. ಅವನು ಹೋಗುವ ಎಂಟು ತಿಂಗಳ ಮುಂಚೆ ನನ್ನ ಬಾಗಿಲು ಬಡಿದ. ಮೆಟ್ಟಿಲ ಮೇಲೆ ಅವನ ಹೆಜ್ಜೆ ನನಗೆ ಗೊತ್ತಾಗದೆ ಇರುತ್ತದೆಯೇ? ರೇಡಿಯೋದ ಸದ್ದು ಜೋರು ಮಾಡಿದೆ. ತುಂಬ ಹೊತ್ತು ನಿಂತಿದ್ದ. ಆಮೇಲೆ ಗಡಿಯಾರದವರು ಹೇಳಿದರು, "ನಿಮ್ಮ ತಮ್ಮ ಬಂದಿದ್ರು. ಕೈಲಿ ಅಗಲವಾದ ರಟ್ಟಿನ ಚೀಲ ಇತ್ತು" ಎಂದು. ಹೊಸ ಕಂಪ್ಯೂಟರ್ ಪುಸ್ತಕ ತೋರಿಸಿ ಮೆರೆಯಲು ಬಂದಿದ್ದಾನೆ ಅಂದುಕೊಂಡೆ. ಅಷ್ಟು ಚೆನ್ನಾಗಿ ನನ್ನ ತಮ್ಮನನ್ನು ನಾನು ಬಲ್ಲೆ ನೋಡು! ಹೊಳಪು ಮೇಷ್ಟ್ರನ್ನು ಬೈದೆ, ನಿನ್ನನ್ನು ಬೈದೆ. ಬೈಯಬೇಕಾದವಳು ಈ ಕೋಣೆಯಲ್ಲೇ ಕೂತಿದ್ದಳು.

ನಿನ್ನ ಮೂರು ಪುಟ ಬಂದಾಗಲೇ ನನಗೆ ಗೊತ್ತಾಗಬೇಕಿತ್ತು. ಅವನ ಗೆರೆ ತೆಳುವಾಗಿ ಶುರುವಾಗಿ ದಪ್ಪವಾಗಿ ನಿಲ್ಲುತ್ತದೆ. ನಿನ್ನದು ಎರಡೂ ಕಡೆ ಒಂದೇ ದಪ್ಪ, ಹೆದರಿದವರ ಗೆರೆ. ಈಗ ನೋಡಿದರೆ ಒಂದೊಂದೂ ಎದ್ದು ಕಾಣುತ್ತಿದೆ. ಆಗ ಕಾಣಲಿಲ್ಲ. ಸಿಟ್ಟಿನಲ್ಲಿ ನೋಡಿದವಳಿಗೆ ಬೇಲಿ ಬೇಕಿತ್ತು, ಬೇಲಿ ಕಂಡಿತು.

ಇದರಿಂದ ನಿನಗೆ ಮಾಫಿ ಸಿಕ್ಕಿತು ಅಂದುಕೊಳ್ಳಬೇಡ. ಸತ್ತವನ ಚಿತ್ರದ ಮೇಲೆ, ಸತ್ತವನ ಪೆನ್ನಿನಿಂದ, ಕೇಳದೆ ಕೈ ಹಾಕಿದ್ದೀಯ. ಆ ಹನ್ನೊಂದು ಕಾಗದಕ್ಕೆ ನಿನ್ನ ಮಾಯದ ಗುಂಡಿ ಇಲ್ಲ. ಅವನ ಕೆಲಸಕ್ಕೆ ನೀನು ಮಾಡಿದ್ದು ಅನ್ಯಾಯ, ಅದನ್ನು ಹೇಳದೆ ಬಿಡಲಾರೆ.

ಕಾಗದಕ್ಕೆ ಇಲ್ಲ. ಆದರೆ ಕಂಪ್ಯೂಟರಿನೊಳಗಿನ ಚಿತ್ರಕ್ಕೆ ಇದೆ ಅಲ್ಲವೇ? ಗೆರೆಯ ಪದರದ ಬೀಗ ತೆಗೆದರೆ, ಬೇಕಾದ ಕಡೆ ಗೆರೆಯನ್ನು ಒರೆಸಬಹುದಲ್ಲವೇ? ಯಾವುದು ಅವನದು, ಯಾವುದು ನಿನ್ನದು ಎಂದು ಹೇಳಬಲ್ಲವಳು ನಾನೊಬ್ಬಳೇ. ಕಾಗದಗಳನ್ನೆಲ್ಲ ಮತ್ತೆ ಸ್ಕ್ಯಾನ್ ಮಾಡು. ಈ ಸಲ ಏನನ್ನೂ ಒರೆಸಬೇಡ. ಭಾನುವಾರ ಆ ಹಾಳು ಯಂತ್ರ ತೆಗೆದುಕೊಂಡು ಬಾ. ಬಾಗಿಲು ತೆಗೆದಿರುತ್ತೇನೆ.

ಇಂತಿ,
ನಿನ್ನ ಅತ್ತೆ

---

ಜೂನ್ ೨

ಮಸಿಗುಬ್ಬಿಗೆ,

ನೀನು ಮೂರು ಭಾನುವಾರ ಕಲಿಸಿ, ಟ್ಯಾಬ್ ನನ್ನ ಮೇಜಿನ ಮೇಲೆ ಬಿಟ್ಟು ಹೋದ ಮೇಲೆ ನಡೆದ ಸಂಗತಿಗಳು.

ಗಾಜಿನ ಮೇಲೆ ಬರೆಯುವುದೆಂದರೆ ಜಾರುವ ನೆಲದ ಮೇಲೆ ನಡೆದ ಹಾಗೆ. ಕುಂಚ ಎಂದು ಕರೆಯುತ್ತೀರಿ, ಅದಕ್ಕೆ ಕೂದಲಿಲ್ಲ. ನೀರು ಎನ್ನುತ್ತೀರಿ, ಒದ್ದೆಯಿಲ್ಲ. ಸೋಮವಾರ ಗೆರೆಯ ಪದರದ ಮೇಲೆಯೇ ಬಣ್ಣ ಬಳಿದುಬಿಟ್ಟೆ. ನಗಬೇಡ. ಮಂಗಳವಾರವೂ ಬಳಿದೆ. ಆಮೇಲೆ ನಿನ್ನ ಹೊಳಪು ಮೇಷ್ಟ್ರ ಟಿಪ್ಪಣಿಯ ಮೂರನೆಯ ಪುಟ ತೆಗೆದು ಓದಿದೆ, "ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು" ಎಂದು ಶುರುವಾಗುತ್ತದೆ. ಅರುವತ್ತೆಂಟನೆಯ ವಯಸ್ಸಿನಲ್ಲಿ ಹೊಸಬಳಾದೆ. ಆ ಮನುಷ್ಯ ಹೇಳುವುದರಲ್ಲಿ ಹತ್ತಕ್ಕೆ ನಾಲ್ಕು ಸರಿಯಿದೆ, ಅದನ್ನು ಅವನಿಗೆ ಹೇಳಬೇಡ.

ಆ ಹನ್ನೊಂದು ಪುಟದಲ್ಲಿ ನೀನು ನೂರಾ ಆರು ಬಾಗಿಲು ಮುಚ್ಚಿದ್ದೆ. ಒಂದನ್ನು ಬಿಟ್ಟು ಎಲ್ಲ ತೆಗೆದಿದ್ದೇನೆ. ಒಂದು ಕಡೆ, ಏಳನೆಯ ಪುಟದಲ್ಲಿ ಮುದುಕಿಯ ಕುತ್ತಿಗೆಯ ಹತ್ತಿರ, ನಿನ್ನದೋ ಅವನದೋ ಎಂದು ಒಂದು ಬೆಳಗೆಲ್ಲ ಯೋಚಿಸಿದೆ. ನಿನ್ನದೇ. ಆದರೆ ಆ ಒಂದು ಗೆರೆ ಹೆದರದೆ ಎಳೆದದ್ದು. ಅದನ್ನು ಹಾಗೇ ಬಿಟ್ಟಿದ್ದೇನೆ. ಬೀಗಬೇಡ.

ಇನ್ನೊಂದು ಮಾತು. ಬಕೆಟ್ ಬೇಡ ಅಂದಮೇಲೆ ಎಲ್ಲವನ್ನೂ ಕೈಯಲ್ಲೇ ತುಂಬುತ್ತಿದ್ದೇನೆ. ಹೀಗಾದರೆ ಜೂನ್ ಒಳಗೆ ಮುಗಿಯುವುದಿಲ್ಲ. ನೀನು ಗೋಡೆ, ನೆಲ, ಆಕಾಶ ಮಾಡು. ಮುದುಕಿ ಮತ್ತು ಕೊಡೆಗಳು ನನ್ನವು. ನೆರಳಿಗೆ ತೆಳು ನೇರಳೆ. ಕಪ್ಪು ಮುಟ್ಟಿದರೆ ಕೈ ಮುರಿಯುತ್ತೇನೆ.

ಆ ಮುದುಕಿಯ ಮೂಗು ಯಾರದು ಎಂದು ನಿನಗೆ ಗೊತ್ತಾಯಿತೇ? ನನಗೆ ಮೊದಲ ದಿನವೇ ಗೊತ್ತಾಗಿತ್ತು. ಕತ್ತೆ, ಇಷ್ಟು ಉದ್ದ ಬರೆಯಬೇಕಿರಲಿಲ್ಲ ಅವನು.

ಇಂತಿ,
ಅತ್ತೆ

---

ಜೂನ್ ೧೪

ಅತ್ತೆಗೆ,

ಇಪ್ಪತ್ತಮೂರು ಪುಟದ ಆಕಾಶ ಮುಗಿಯಿತು, ಪೆನ್‌ಡ್ರೈವ್‌ನಲ್ಲಿ ಕಳಿಸಿದ್ದೇನೆ. ಕ್ಲಾಸಿಗೆ ಹೋಗುವುದು ಬಿಟ್ಟಿಲ್ಲ. ಮೊನ್ನೆ ಮೇಷ್ಟ್ರು ನಮ್ಮ ಹದಿನೈದನೆಯ ಪುಟವನ್ನು ಪರದೆಯ ಮೇಲೆ ಹಾಕಿ ದೊಡ್ಡದು ಮಾಡಿ ನೋಡಿದರು. "ಇಲ್ಲಿ ಗೆರೆನೇ ಇಲ್ವಲ್ಲ, ಆದ್ರೂ ಭುಜ ಕಾಣ್ತಿದೆ" ಅಂದರು. ಹೊಳಪು ಕೊಡಿ ಎನ್ನಲಿಲ್ಲ.

ಈಗ ಕೊನೆಯ ಪುಟದ ಕಷ್ಟ. ಪ್ರಕಾಶಕರು ಫೋನ್ ಮಾಡಿದ್ದರು. ಇಪ್ಪತ್ನಾಲ್ಕನೆಯ ಚಿತ್ರ ಅರ್ಧಕ್ಕೆ ನಿಂತಿದೆ ಎನ್ನುತ್ತಾರೆ. ಮುದುಕಿ ರಿಪೇರಿಯಾದ ಕೊಡೆ ಬಿಚ್ಚಿ ಹಿಡಿದಿದ್ದಾಳೆ. ಬಲಗಡೆ ಅರ್ಧ ಕೊಡೆ ಇದೆ, ಎಡಗಡೆ ಒಂದು ಗೆರೆಯೂ ಇಲ್ಲ, ಅರ್ಧ ಕಾಗದ ಖಾಲಿ. ನಿಮ್ಮಪ್ಪ ಅದನ್ನು ಮುಗಿಸುವ ಮೊದಲೇ ಹೋದರು ಪಾಪ, ಸ್ಟುಡಿಯೋದವರಿಂದ ಉಳಿದರ್ಧ ಬರೆಸುತ್ತೇವೆ ಎಂದರು. "ಅತ್ತೆನ್ನ ಕೇಳ್ದೆ ಯಾರೂ ಮುಟ್ಟೋ ಹಾಗಿಲ್ಲ" ಎಂದು ಹೇಳಿ ಫೋನ್ ಇಟ್ಟೆ. ಅವರಿಗೆ ಸಿಟ್ಟು ಬಂದಿದೆ. ನಾನು ಹೇಳಿದ್ದು ಸರಿಯೇ?

ಇಂತಿ,
ಮಸಿಗುಬ್ಬಿ

---

ಜೂನ್ ೨೬

ಮಸಿಗುಬ್ಬಿಗೆ,

ಸರಿ. ನಿನ್ನ ಜೀವಮಾನದಲ್ಲಿ ನೀನು ಹೇಳಿದ ಮೊದಲ ಸರಿಯಾದ ಮಾತು.

ಪ್ರಕಾಶಕರಿಗೆ ಹೇಳು, ಆ ಪುಟದ ಬಲಮೂಲೆಯಲ್ಲೂ ಚುಕ್ಕೆ ಇದೆ. ಮುಗಿಸದ ಚಿತ್ರಕ್ಕೆ ಅವನು ಯಾವತ್ತೂ ಚುಕ್ಕೆ ಇಟ್ಟವನಲ್ಲ. ಪ್ರತಿ ಪುಸ್ತಕದ ಕೊನೆಯ ಪುಟದಲ್ಲಿ ಅವನು ನನಗೆ ದೊಡ್ಡ ಬಾಗಿಲು ಬಿಡುತ್ತಿದ್ದ. ಒಮ್ಮೆ ದೋಣಿಯ ಹಾಯಿ, ಒಮ್ಮೆ ಇಡೀ ಗೋಡೆ. ಆದರೆ ಅರ್ಧ ಕಾಗದ ಬಿಟ್ಟಿದ್ದು ಇದೇ ಮೊದಲು. ನನ್ನ ಬಾಗಿಲ ಹೊರಗೆ ಅಷ್ಟು ಹೊತ್ತು ನಿಂತು ಹೋದವನು, ತನ್ನ ಬಾಗಿಲನ್ನು ಇಷ್ಟು ಅಗಲ ತೆಗೆದಿಟ್ಟು ಹೋಗಿದ್ದಾನೆ. ಅದನ್ನು ನೋಡಿ ನಾನು ಅತ್ತುಬಿಟ್ಟೆ. ನಾಟಕ ಬರುವುದಿಲ್ಲ ಎಂದಿದ್ದೆನಲ್ಲ, ಇದು ನಾಟಕವಲ್ಲ. ಗಡಿಯಾರದವರು ಮೇಲೆ ಬಂದು ನೀರು ಕೊಟ್ಟು ಹೋದರು.

ಆಮೇಲೆ ಕೆಲಸಕ್ಕೆ ಕೂತೆ. ಕೊಡೆಯ ಎಡಗಡೆಗೆ ನಾನು ಗೆರೆ ಎಳೆದಿಲ್ಲ. ಆಕಾಶದ ತೆಳು ನೀಲಿಯನ್ನು ತಂದು ಕೊಡೆ ಎಲ್ಲಿ ಮುಗಿಯಬೇಕೋ ಅಲ್ಲಿ ನಿಲ್ಲಿಸಿದ್ದೇನೆ, ಈ ಕಡೆಯಿಂದ ಹಳದಿಯನ್ನು ತಂದು ಅದಕ್ಕೆ ತಾಗಿಸಿದ್ದೇನೆ. ಹದಿನೇಳು ಸಲ ತಪ್ಪಿದೆ. ಹದಿನೇಳು ಸಲವೂ ಆ ಗುಂಡಿ ಒತ್ತಿದೆ. ಅದರ ಬಗ್ಗೆ ಹಿಂದೆ ಏನೋ ಬರೆದಿದ್ದೆ, ಆ ಕಾಗದ ನಿನ್ನ ಡಬ್ಬಿಯಲ್ಲಿದ್ದರೆ ಆ ಒಂದು ಸಾಲು ಹೊಡೆದುಹಾಕು. ಉಳಿದವು ಹಾಗೇ ಇರಲಿ.

ಎಲ್ಲಕ್ಕಿಂತ ಮೇಲೆ ಹೊಸದೊಂದು ಪದರ ಮಾಡಿದ್ದೇನೆ. ಯಾರ ಸಹಾಯವೂ ಇಲ್ಲದೆ. ಅದರಲ್ಲಿ ಇಪ್ಪತ್ನಾಲ್ಕು ಪುಟಕ್ಕೂ ಎಡಮೂಲೆಯಲ್ಲಿ ನನ್ನ ಚುಕ್ಕೆ ಇದೆ. ಬಲಗಡೆ ಅವನದು ಹಾಗೇ ಇದೆ. ಎರಡನ್ನೂ ಅಂಚಿನಿಂದ ಒಂದು ಬೆರಳು ಒಳಕ್ಕೆ ಸರಿಸಿದ್ದೇನೆ, ಈ ಸಲ ಕತ್ತರಿಗೆ ಸಿಗುವುದಿಲ್ಲ.

ಪ್ರೆಸ್ಸಿನಲ್ಲಿ ಕೂತವರೂ ಯಾವುದೋ ಕ್ಲಾಸಿನಲ್ಲಿ ಮೊದಲನೆಯ ಪಾಠ ಕಲಿತೇ ಬಂದಿರುತ್ತಾರೆ. ಕಂಡ ತಕ್ಷಣ ಒರೆಸಲು ಹೋಗುತ್ತಾರೆ. ಕ್ಲಿನಿಕ್ಕಿಗೆ ರಜೆ ಹಾಕಿ ನೀನೇ ಹೋಗಿ ಅವರ ಪಕ್ಕದಲ್ಲಿ ನಿಂತುಕೋ. ಅದು ಕೊಳೆಯಲ್ಲ ಎಂದು ಹೇಳು.

ಇಂತಿ,
ನಿನ್ನ ಬಣ್ಣದತ್ತೆ